ಕೋವಿ ಠೇವಣಿ ಇಡದ ಸೇನೆಗಳು

ಇದು 2024ರ ಡಿಸೆಂಬರ್ ಎರಡನೇ ವಾರದ ಮಾತು. ಕುಕ್ಕೆಯಲ್ಲಿ ಚಂಪಾಷಷ್ಠಿ ಮುಗಿದು ಎರಡು ದಿನ ಆಗಿತ್ತಷ್ಟೆ. ಮಂಗಳೂರಿನಿಂದ ಬೆಂಗಳೂರಿಗೆ ವಾಪಸ್ ಹೊರಟಿದ್ದ ನಾನು ಗುಂಡ್ಯದಲ್ಲಿ ಕಾರು ನಿಲ್ಲಿಸಿದೆ. ಶಿರಾಡಿ ಘಾಟಿ ಹತ್ತೋ ಮೊದಲು ಅಲ್ಲೊಂದು ಚಹಾ ಕುಡಿಯೋದು ನನ್ನ ಹಳೇ ಅಭ್ಯಾಸ. ರಸ್ತೆಯ ಒಂದು ಪಕ್ಕದಲ್ಲಿ ಗ್ಯಾಸ್ ಟ್ಯಾಂಕರ್‌ಗಳ ಸಾಲು, ಇನ್ನೊಂದು ಪಕ್ಕದಲ್ಲಿ ಸಕಲೇಶಪುರದ ಕಡೆಯಿಂದ ಇಳಿದು ಬಂದ ಕಾಫಿ ಲಾರಿಗಳು. ಷಷ್ಠಿಗೆ ಬಂದು ಊರಿಗೆ ಮರಳುವವರ ಬಸ್ಸುಗಳು ಬೇರೆ.

ಹೋಟೆಲಿನ ಗೋಡೆಯ ಟೀವಿಯಲ್ಲಿ ಡಮಾಸ್ಕಸ್ ಓಡ್ತಾ ಇತ್ತು. ಹಿಂದಿನ ದಿನ, ಡಿಸೆಂಬರ್ 8ರಂದು, ಸಿರಿಯಾದ ಅಧ್ಯಕ್ಷ ಬಶರ್ ಅಲ್ ಅಸಾದ್ ದೇಶ ಬಿಟ್ಟು ಮಾಸ್ಕೋಗೆ ಓಡಿಹೋಗಿದ್ದರು. ತಂದೆ-ಮಗ ಸೇರಿ 50 ವರ್ಷಕ್ಕೂ ಹೆಚ್ಚು ಕಾಲ ಆಳಿದ ಮನೆತನ ಹನ್ನೊಂದು-ಹನ್ನೆರಡು ದಿನದಲ್ಲಿ ಕುಸಿದುಬಿತ್ತು.

ಚಹಾ ತಂದಿಟ್ಟ ಹೋಟೆಲಿನ ಅಕ್ಕ ನನ್ನ ಮುಖ ನೋಡಿ ನಿಂತರು. "ನೀವು ಟೀವಿಯಲ್ಲಿ ಬರುವವರಲ್ವಾ ಸಾರ್? ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನನ್ನ ಮಗ ಹಡಗಿನಲ್ಲಿ ಅಡುಗೆಗೆ ಇರುವುದು. ಆ ಹೂತಿಯವರು ಹಡಗಿಗೆ ಹೊಡೀತಾರಂತಲ್ಲ, ಅವರು ಯಾರು? ನನ್ನ ಮಗನ ಹತ್ತಿರ ಅವರಿಗೆ ಎಂತ ಜಗಳ ಉಂಟು?"

ವೀಕ್ಷಕರೇ, ನಿಜ ಹೇಳ್ತೀನಿ. ಆ ಪ್ರಶ್ನೆಗೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಸ್ಟುಡಿಯೋದಲ್ಲಿ ಕೂತು "ಶಿಯಾ-ಸುನ್ನಿ, 1400 ವರ್ಷದ ಜಗಳ" ಅಂತ ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. ಆ ಒಂದು ಸಾಲು ಆ ತಾಯಿಯ ಪ್ರಶ್ನೆಗೆ ಉತ್ತರ ಆಗಲ್ಲ ಅಂತ ಗೊತ್ತಾಗಿದ್ದು ಗುಂಡ್ಯದಲ್ಲಿ.

ಅವರ ಭಯಕ್ಕೆ ಕಾರಣ ಇತ್ತು. ಅದಕ್ಕೆ ಸುಮಾರು ಒಂದು ವರ್ಷ ಮೊದಲು, 2023ರ ಡಿಸೆಂಬರ್ 23ರಂದು, ಸೌದಿ ಅರೇಬಿಯಾದ ಅಲ್ ಜುಬೈಲ್‌ನಿಂದ ನಮ್ಮ ನವಮಂಗಳೂರು ಬಂದರಿಗೆ ಬರ್ತಾ ಇದ್ದ ಕೆಮ್ ಪ್ಲೂಟೊ ಅನ್ನೋ ಹಡಗಿಗೆ ಗುಜರಾತಿನ ಪೋರಬಂದರ್‌ನಿಂದ ಸುಮಾರು 200 ನಾಟಿಕಲ್ ಮೈಲು ದೂರದಲ್ಲಿ ಡ್ರೋನ್ ಬಡಿಯಿತು. ಹಡಗಿನಲ್ಲಿದ್ದವರಲ್ಲಿ ಒಬ್ಬ ವಿಯೆಟ್ನಾಮಿನವರನ್ನು ಬಿಟ್ಟರೆ ಉಳಿದವರೆಲ್ಲ ಭಾರತೀಯರು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ನಮ್ಮ ಕೋಸ್ಟ್ ಗಾರ್ಡ್ ಹಡಗನ್ನು ಮುಂಬೈಗೆ ಕರಕೊಂಡು ಬಂತು. ಡ್ರೋನ್ ಇರಾನಿನಿಂದ ಹಾರಿದ್ದು ಅಂತ ಅಮೆರಿಕ ಹೇಳಿತು, ಇರಾನ್ ಇಲ್ಲ ಅಂದಿತು. 2024ರ ಮಾರ್ಚ್ 6ರಂದು ಏಡನ್ ಕೊಲ್ಲಿಯಲ್ಲಿ ಟ್ರೂ ಕಾನ್ಫಿಡೆನ್ಸ್ ಹಡಗಿಗೆ ಹೂತಿಗಳ ಕ್ಷಿಪಣಿ ಬಿದ್ದಾಗ ಮಾತ್ರ ಮೂವರು ನಾವಿಕರು ಸತ್ತರು. ಉಳಿದ 21 ಮಂದಿಯನ್ನು ಕಾಪಾಡಿದ್ದು ನಮ್ಮ ನೌಕಾಪಡೆಯ ಐಎನ್ಎಸ್ ಕೋಲ್ಕತ್ತಾ. ಅವರಲ್ಲಿ ಒಬ್ಬರು ಭಾರತೀಯರು.

ಹಾಗಾದರೆ ಈ ಶಿಯಾ ಸಶಸ್ತ್ರ ಪಡೆಗಳು ಅಂದ್ರೆ ಯಾರು? ಲೆಬನಾನ್, ಇರಾಕ್, ಸಿರಿಯಾ, ಯೆಮನ್ ಈ ನಾಲ್ಕು ದೇಶದ ಅಂತರ್ಯುದ್ಧಗಳಲ್ಲಿ ಅವರು ಹೇಗೆ ಬಂದರು, ಯಾಕೆ ವಾಪಸ್ ಹೋಗಲಿಲ್ಲ? ಬಿಡಿಸಿ ಹೇಳ್ತೀನಿ.

ಮೊದಲು ಶಿಯಾ ಅಂದ್ರೇನು ಅನ್ನೋದು. ಕ್ರಿ.ಶ. 632ರಲ್ಲಿ ಪ್ರವಾದಿ ಮುಹಮ್ಮದರು ತೀರಿಕೊಂಡ ಮೇಲೆ ಸಮುದಾಯವನ್ನು ಮುನ್ನಡೆಸೋದು ಯಾರು ಅನ್ನೋ ಪ್ರಶ್ನೆ ಬಂತು. ಅಳಿಯ ಅಲಿಗೇ ಆ ಹಕ್ಕು ಅಂದವರು ಶಿಯಾಗಳು. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಅಲಿಯ ಮಗ ಹುಸೇನ್ ತಮ್ಮ ಸಣ್ಣ ಗುಂಪಿನೊಂದಿಗೆ ದೊಡ್ಡ ಸೈನ್ಯದ ಎದುರು ನಿಂತು ಸತ್ತರು. ಆ ಸಾವಿನ ನೆನಪೇ ಮೊಹರಂ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಒಬ್ಬ ಮುಸ್ಲಿಂ ಮನೆಯವರೂ ಇಲ್ಲದ ಊರಲ್ಲೂ ಅಲಾಯಿ ದೇವರನ್ನು ಕೂರಿಸ್ತಾರೆ, ಹೆಜ್ಜೆ ಹಾಕ್ತಾರೆ, ರಿವಾಯತ್ ಪದ ಹೇಳ್ತಾರೆ. 16ನೇ ಶತಮಾನದ ಆರಂಭದಲ್ಲಿ ಬಿಜಾಪುರದ ಯೂಸುಫ್ ಆದಿಲ್ ಶಾ ಶಿಯಾ ಪಂಥವನ್ನೇ ರಾಜ್ಯದ ಪಂಥ ಅಂತ ಸಾರಿದ್ದ. ಅಂದ್ರೆ ಕರ್ಬಲಾದ ಕಥೆ ಕನ್ನಡಕ್ಕೆ ಹೊಸದಲ್ಲ. ಶತಮಾನಗಳಿಂದ ನಮ್ಮವರು ಅದನ್ನು ಹಾಡ್ತಾ ಬಂದಿದ್ದಾರೆ, ಯಾರೂ ಬಂದೂಕು ಹಿಡಿದಿಲ್ಲ.

ಹಾಗಾದ್ರೆ ಅಲ್ಲಿ ಬಂದೂಕು ಹೇಗೆ ಬಂತು?

ಲೆಬನಾನಿನಿಂದ ಶುರು ಮಾಡೋಣ. ಅಲ್ಲಿ 1975ರಿಂದ 1990ರವರೆಗೆ ಅಂತರ್ಯುದ್ಧ. ದಕ್ಷಿಣ ಲೆಬನಾನಿನ ಶಿಯಾಗಳು ಬಹುಪಾಲು ಬಡವರು, ಹೊಗೆಸೊಪ್ಪು ಬೆಳೆಯೋ ರೈತರು. ಬೈರೂತಿನ ಸರ್ಕಾರ ಅವರ ಕಡೆ ತಿರುಗಿ ನೋಡಿದ್ದೇ ಕಡಿಮೆ. 1982ರ ಜೂನ್‌ನಲ್ಲಿ ಇಸ್ರೇಲ್ ಸೈನ್ಯ ನುಗ್ಗಿತು. ತಡೆಯೋಕೆ ಲೆಬನಾನಿನ ಸೈನ್ಯ ಇರಲಿಲ್ಲ. ಆಗ ಮೂರು ವರ್ಷದ ಹಿಂದಷ್ಟೇ ಕ್ರಾಂತಿ ಮುಗಿಸಿದ್ದ ಇರಾನ್, ತನ್ನ ರೆವಲ್ಯೂಷನರಿ ಗಾರ್ಡ್‌ನವರನ್ನು ಬೆಕಾ ಕಣಿವೆಗೆ ಕಳಿಸಿತು. ತರಬೇತಿ ಕೊಟ್ಟರು, ದುಡ್ಡು ಕೊಟ್ಟರು. ಹಿಜ್ಬುಲ್ಲಾ ಹುಟ್ಟಿದ್ದು ಹೀಗೆ. ಆಸ್ಪತ್ರೆ ಕಟ್ಟಿತು, ಶಾಲೆ ನಡೆಸಿತು, ಸತ್ತವರ ಮನೆಗೆ ಪಿಂಚಣಿ ಕೊಟ್ಟಿತು. ಸರ್ಕಾರ ಮಾಡದ್ದನ್ನು ಪಡೆ ಮಾಡಿತು.

ಯುದ್ಧ ನಿಲ್ಲಿಸಿದ್ದು 1989ರ ತಾಯಿಫ್ ಒಪ್ಪಂದ. ಎಲ್ಲ ಪಡೆಗಳೂ ಶಸ್ತ್ರ ಒಪ್ಪಿಸಬೇಕು ಅಂತಾಯಿತು. ಒಪ್ಪಿಸಿದರು ಕೂಡ. ಹಿಜ್ಬುಲ್ಲಾ ಮಾತ್ರ "ಇಸ್ರೇಲ್ ಇನ್ನೂ ನಮ್ಮ ನೆಲದಲ್ಲಿದೆ" ಅಂತ ಇಟ್ಟುಕೊಂಡಿತು. 2000ನೇ ಇಸವಿ ಮೇ ತಿಂಗಳಲ್ಲಿ ಇಸ್ರೇಲ್ ಹೊರಟು ಹೋಯಿತು. ಶಸ್ತ್ರ ಒಪ್ಪಿಸಿದರಾ? ಇಲ್ಲ. 2008ರ ಮೇ ತಿಂಗಳಲ್ಲಿ ಅದೇ ಬಂದೂಕು ಬೈರೂತಿನ ಬೀದಿಯಲ್ಲಿ ಲೆಬನಾನಿನವರ ಮೇಲೆಯೇ ತಿರುಗಿತು. ಸರ್ಕಾರ ಅವರ ಟೆಲಿಫೋನ್ ಜಾಲವನ್ನು ಮುಟ್ಟಲು ಹೋಗಿದ್ದೇ ಕಾರಣ.

ಇನ್ನು ಇರಾಕ್. ಅಲ್ಲಿ ಶಿಯಾಗಳೇ ಬಹುಸಂಖ್ಯಾತರು, ಆದರೆ ಸದ್ದಾಂ ಹುಸೇನ್ ಕಾಲದಲ್ಲಿ ತುಳಿಸಿಕೊಂಡವರು. 1991ರಲ್ಲಿ ದಂಗೆ ಎದ್ದಾಗ ಸದ್ದಾಂ ಅದನ್ನು ರಕ್ತದಲ್ಲಿ ಮುಳುಗಿಸಿದ. 2003ರಲ್ಲಿ ಅಮೆರಿಕ ಬಂದು ಸದ್ದಾಂನನ್ನು ಇಳಿಸಿತು, ಮೇ 23ರಂದು ಇಡೀ ಇರಾಕಿ ಸೈನ್ಯವನ್ನೇ ಬರಖಾಸ್ತು ಮಾಡಿತು. ಒಂದು ದೇಶದ ಸೈನ್ಯವನ್ನು ಒಂದು ಆದೇಶದಲ್ಲಿ ಮನೆಗೆ ಕಳಿಸಿದರೆ ಏನಾಗುತ್ತೆ? ಬೀದಿ ಬೀದಿಗೂ ಒಂದು ಪಡೆ ಎದ್ದಿತು. ಇರಾನಿನಲ್ಲಿ ತಯಾರಾಗಿದ್ದ ಬದ್ರ್ ಪಡೆ ಒಳಗೆ ಬಂತು. ಮುಕ್ತದಾ ಅಲ್ ಸದ್ರ್ ಮೆಹದಿ ಸೇನೆ ಕಟ್ಟಿದರು. 2006ರ ಫೆಬ್ರವರಿ 22ರಂದು ಸಮಾರಾದ ಶಿಯಾ ಪವಿತ್ರ ಗುಮ್ಮಟವನ್ನು ಸುನ್ನಿ ಉಗ್ರರು ಸ್ಫೋಟಿಸಿದ ಮೇಲೆ ಬಾಗ್ದಾದ್‌ನಲ್ಲಿ ಪ್ರತಿ ಬೆಳಿಗ್ಗೆ ಕೈ ಕಟ್ಟಿದ ಹೆಣಗಳು ಸಿಗತೊಡಗಿದವು. ಎರಡೂ ಕಡೆಯವು. ಹೆಸರು ಕೇಳಿ ಕೊಲ್ಲುತ್ತಿದ್ದ ಕಾಲ ಅದು.

2014ರ ಜೂನ್ 10. ಐಸಿಸ್ ಮೊಸುಲ್ ನಗರವನ್ನು ಹಿಡಿಯಿತು. ಅಮೆರಿಕ ಕೋಟಿಗಟ್ಟಲೆ ಡಾಲರ್ ಸುರಿದು ಕಟ್ಟಿದ್ದ ಹೊಸ ಇರಾಕಿ ಸೈನ್ಯ ಸಮವಸ್ತ್ರ ಬಿಚ್ಚಿ ಓಡಿತು. ಎರಡು ದಿನದ ನಂತರ ತಿಕ್ರಿತ್ ಬಳಿ ಸುಮಾರು 1,700 ಶಿಯಾ ಯುವ ಕೆಡೆಟ್‌ಗಳನ್ನು ಐಸಿಸ್ ಸಾಲಾಗಿ ಕೊಂದಿತು. ಅದೇ ತಿಕ್ರಿತ್‌ನ ಆಸ್ಪತ್ರೆಯಲ್ಲಿ 46 ಭಾರತೀಯ ನರ್ಸ್‌ಗಳು, ಹೆಚ್ಚಿನವರು ನಮ್ಮ ನೆರೆಯ ಕೇರಳದವರು, ಸಿಕ್ಕಿಬಿದ್ದಿದ್ದು ನಿಮಗೆ ನೆನಪಿರಬಹುದು. ಅವರು ಜೀವಂತ ವಾಪಸ್ ಬಂದರು. ಮೊಸುಲ್‌ನಲ್ಲಿ ಅಪಹರಣವಾದ 39 ಭಾರತೀಯ ಕಾರ್ಮಿಕರು ಬರಲಿಲ್ಲ. ಅವರ ಸಾವು ಖಚಿತ ಅಂತ 2018ರ ಮಾರ್ಚ್‌ನಲ್ಲಿ ಸುಷ್ಮಾ ಸ್ವರಾಜ್ ಸಂಸತ್ತಿನಲ್ಲಿ ಹೇಳಿದರು.

ಆ ಜೂನ್ 13ರ ಶುಕ್ರವಾರ, ಇರಾಕಿನ ಹಿರಿಯ ಧರ್ಮಗುರು ಅಲಿ ಸಿಸ್ತಾನಿ ಅವರ ಕರೆ ಕರ್ಬಲಾದಲ್ಲಿ ಓದಲಾಯಿತು. ದೇಶ ಉಳಿಸಲು ಶಕ್ತಿ ಇರುವವರು ಭದ್ರತಾ ಪಡೆಗೆ ಸೇರಿ ಅನ್ನೋದು ಆ ಕರೆ. ಸರ್ಕಾರದ ಪಡೆಗೆ ಸೇರಿ ಅಂತ ಹಿರಿಯರು ಹೇಳಿದ್ದು, ಜನ ಸೇರಿದ್ದು ಮೊದಲೇ ಇದ್ದ ಪಡೆಗಳಿಗೆ. ಹಶ್ದ್ ಅಲ್ ಶಾಬಿ, ಅಂದರೆ ಜನರ ಪಡೆ ಅನ್ನೋ ಒಂದೇ ಹೆಸರಿನಡಿ ಹತ್ತಾರು ಗುಂಪುಗಳು ಕೂಡಿಕೊಂಡವು. ಅವರು ಐಸಿಸ್ ವಿರುದ್ಧ ಹೋರಾಡಿದ್ದು ಸತ್ಯ. ಸಾವಿರಾರು ಮಂದಿ ಪ್ರಾಣ ಕೊಟ್ಟಿದ್ದೂ ಸತ್ಯ. ಬಿಡಿಸಿಕೊಂಡ ಸುನ್ನಿ ಊರುಗಳಲ್ಲಿ ಗಂಡಸರನ್ನು ಎಳೆದೊಯ್ದು ಕಾಣೆ ಮಾಡಿದ್ದೂ ಅಷ್ಟೇ ಸತ್ಯ.

ಐಸಿಸ್ ಸೋತಿತು ಅಂತ ಇರಾಕ್ 2017ರ ಡಿಸೆಂಬರ್‌ನಲ್ಲಿ ಘೋಷಿಸಿತು. ಕೆಲಸ ಮುಗೀತಲ್ಲ, ಇನ್ನು ಮನೆಗೆ? ಇಲ್ಲ. ಹಿಂದಿನ ವರ್ಷವೇ ಸಂಸತ್ತು ಕಾನೂನು ಮಾಡಿ ಅವರನ್ನು ಸರ್ಕಾರದ ಭಾಗ ಮಾಡಿಬಿಟ್ಟಿತ್ತು. ಈಗ ಎರಡು ಲಕ್ಷಕ್ಕೂ ಹೆಚ್ಚು ಜನ ಸಂಬಳದ ಪಟ್ಟಿಯಲ್ಲಿದ್ದಾರೆ. ಸಂಬಳ ಬಾಗ್ದಾದ್‌ನದು, ಕೆಲವು ಗುಂಪುಗಳ ಕಿವಿ ಮಾತ್ರ ಟೆಹ್ರಾನ್ ಕಡೆಗೆ.

ಸಿರಿಯಾದ ಕಥೆ ಇನ್ನೊಂದು ಬಗೆಯದು. ಅಲ್ಲಿ ಶಿಯಾಗಳು ತೀರ ಕಡಿಮೆ. ಅಸಾದ್ ಮನೆತನದವರು ಅಲವೀ ಅನ್ನೋ ಸಣ್ಣ ಪಂಗಡದವರು. 2011ರಲ್ಲಿ ಜನ ಬೀದಿಗಿಳಿದರು, ಅಸಾದ್ ಗುಂಡು ಹೊಡೆಸಿದರು, ಯುದ್ಧ ಶುರುವಾಯಿತು. ಅಸಾದ್ ಹೋದರೆ ಇರಾನಿನಿಂದ ಲೆಬನಾನಿಗೆ ಶಸ್ತ್ರ ಹೋಗೋ ದಾರಿಯೇ ಮುಚ್ಚುತ್ತೆ. ಇದು ಟೆಹ್ರಾನ್‌ನ ಲೆಕ್ಕ. ಜನರಿಗೆ ಹೇಳಿದ್ದು ಬೇರೆ. ಡಮಾಸ್ಕಸ್ ಪಕ್ಕದಲ್ಲಿ ಹುಸೇನರ ತಂಗಿ ಜೈನಬ್ ಅವರ ಸಮಾಧಿ ಇದೆ, ಅದನ್ನು ಕಾಪಾಡಬೇಕು ಅಂತ. ಸುನ್ನಿ ಉಗ್ರರು ಶಿಯಾ ಸಮಾಧಿಗಳನ್ನು ಒಡೆಯುತ್ತಿದ್ದ ಕಾಲ ಅದು, ಹಾಗಾಗಿ ಭಯ ಸುಳ್ಳಲ್ಲ. ಆದರೆ ಸಮಾಧಿ ಕಾಯಲು ಬಂದವರು ಹಲವು ಮೈಲಿ ದೂರದ ಕುಸೈರ್‌ನಲ್ಲಿ, ಅಲೆಪ್ಪೊದಲ್ಲಿ ಹೋರಾಡಿದರು. 2013ರಲ್ಲಿ ಹಿಜ್ಬುಲ್ಲಾ ಬಹಿರಂಗವಾಗಿಯೇ ಇಳಿಯಿತು. 2016ರ ಜನವರಿಯಲ್ಲಿ ಮದಾಯಾ ಅನ್ನೋ ಊರಿಗೆ ಹಾಕಿದ ಮುತ್ತಿಗೆಯಲ್ಲಿ ಜನ ಹಸಿವಿನಿಂದ ಸತ್ತರು. ಆ ಮುತ್ತಿಗೆಯಲ್ಲಿ ಅಸಾದ್ ಸೈನ್ಯದ ಜೊತೆ ಹಿಜ್ಬುಲ್ಲಾ ಇತ್ತು. ಇನ್ನೊಂದು ಕಡೆ ಫುವಾ, ಕಫ್ರಯಾ ಅನ್ನೋ ಶಿಯಾ ಊರುಗಳಿಗೆ ಬಂಡುಕೋರರು ಹಾಗೇ ಮುತ್ತಿಗೆ ಹಾಕಿದ್ದರು. ಹೊಟ್ಟೆಗಿಲ್ಲದ ಮಗುವಿಗೆ ತನ್ನ ಪಂಗಡ ಯಾವುದು ಅಂತ ಏನು ಗೊತ್ತು?

ಇಲ್ಲಿ ಇನ್ನೊಂದು ವಿಷಯ ಹೇಳಲೇಬೇಕು. ಈ ಯುದ್ಧಕ್ಕೆ ಜನ ಎಲ್ಲಿಂದ ಬಂದರು? ಇರಾನಿನಲ್ಲಿ ಲಕ್ಷಾಂತರ ಆಫ್ಘನ್ ನಿರಾಶ್ರಿತರಿದ್ದಾರೆ. ಅವರಲ್ಲಿ ಹಜಾರಾ ಶಿಯಾಗಳಿಗೆ ಕಾಗದಪತ್ರ ಇಲ್ಲ, ಖಾಯಂ ಕೆಲಸ ಇಲ್ಲ, ಯಾವ ಹೊತ್ತಿಗೂ ಗಡಿಪಾರಿನ ಭಯ. ಅವರಿಗೆ ಸಂಬಳದ, ವಾಸದ ಪರವಾನಗಿಯ ಆಸೆ ತೋರಿಸಿ ಫಾತಿಮಿಯೂನ್ ಪಡೆ ಕಟ್ಟಿದರು. ಪಾಕಿಸ್ತಾನದ ಶಿಯಾಗಳಿಂದ ಜೈನಬಿಯೂನ್ ಪಡೆ. 2017ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಇರಾನಿನ ಸ್ಮಶಾನಗಳ ಕಲ್ಲುಗಳನ್ನು ನೋಡಿ ವರದಿ ಮಾಡಿತು. ಸಿರಿಯಾದಲ್ಲಿ ಸತ್ತ ಆಫ್ಘನ್ ಹುಡುಗರಲ್ಲಿ 14 ವರ್ಷದವನೂ ಇದ್ದ. ಅವನು ಹೋಗಿದ್ದು ಧರ್ಮಕ್ಕೋ ಕಾಗದಕ್ಕೋ? ನನಗಂತೂ ಎರಡನ್ನೂ ಬೇರೆ ಮಾಡಿ ಹೇಳೋಕೆ ಆಗಲ್ಲ.

ಈಗ ಆ ಅಕ್ಕ ಕೇಳಿದ ಹೂತಿಗಳ ವಿಷಯಕ್ಕೆ ಬರ್ತೀನಿ. ಯೆಮನ್‌ನ ಉತ್ತರದ ಬೆಟ್ಟಗಳಲ್ಲಿ ಝೈದಿ ಪಂಗಡದವರಿದ್ದಾರೆ. ಶಿಯಾಗಳೇ, ಆದರೆ ಇರಾನಿನ ಶಿಯಾಗಳಿಗಿಂತ ಬೇರೆ ಶಾಖೆ. 1962ರವರೆಗೆ ಅವರ ಇಮಾಮರೇ ಅಲ್ಲಿ ರಾಜರು. ಆಮೇಲೆ ಮೂಲೆಗುಂಪಾದರು. ಸಾದಾ ಪ್ರಾಂತ್ಯದ ಹೂತಿ ಮನೆತನ ಅವರನ್ನು ಸಂಘಟಿಸಿತು, ಅದರ ನಾಯಕ ಹುಸೇನ್ ಅಲ್ ಹೂತಿಯನ್ನು 2004ರಲ್ಲಿ ಸರ್ಕಾರಿ ಸೈನ್ಯ ಕೊಂದಿತು. 2014ರಲ್ಲಿ ಸರ್ಕಾರ ಇಂಧನದ ಸಬ್ಸಿಡಿ ತೆಗೆದು ಬೆಲೆ ಏರಿಸಿತು. ಜನ ಸಿಟ್ಟಾದರು. ಆ ಸಿಟ್ಟಿನ ಮೇಲೆ ಸವಾರಿ ಮಾಡಿಕೊಂಡು ಹೂತಿಗಳು ಸೆಪ್ಟೆಂಬರ್‌ನಲ್ಲಿ ರಾಜಧಾನಿ ಸನಾವನ್ನೇ ಹಿಡಿದರು. 2015ರ ಮಾರ್ಚ್‌ನಲ್ಲಿ ಸೌದಿ ವಿಮಾನಗಳು ಬಾಂಬು ಹಾಕಲು ಶುರು ಮಾಡಿದವು. ಆಗ ನಮ್ಮ ದೇಶ ಆಪರೇಷನ್ ರಾಹತ್ ನಡೆಸಿ 4,600ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು.

ಇದು ಬರೀ ಶಿಯಾ-ಸುನ್ನಿ ಜಗಳ ಅನ್ನುವವರಿಗೆ ಒಂದು ಹೆಸರು ಹೇಳ್ತೀನಿ. ಅಲಿ ಅಬ್ದುಲ್ಲಾ ಸಾಲೆಹ್. ಯೆಮನ್‌ನ ಅಧ್ಯಕ್ಷರಾಗಿದ್ದವರು, ಅವರೂ ಝೈದಿಯೇ. ಅಧಿಕಾರದಲ್ಲಿದ್ದಾಗ ಹೂತಿಗಳ ಮೇಲೆ ಆರು ಸಲ ಯುದ್ಧ ಮಾಡಿದರು. ಅಧಿಕಾರ ಹೋದ ಮೇಲೆ ಅದೇ ಹೂತಿಗಳ ಜೊತೆ ಸೇರಿದರು. ಮತ್ತೆ ಸೌದಿ ಕಡೆ ತಿರುಗಿದಾಗ, 2017ರ ಡಿಸೆಂಬರ್ 4ರಂದು ಹೂತಿಗಳು ಅವರನ್ನು ಕೊಂದರು. ಇದರಲ್ಲಿ ಧರ್ಮ ಎಷ್ಟು, ಕುರ್ಚಿ ಎಷ್ಟು, ನೀವೇ ಹೇಳಿ. ಈ ಯುದ್ಧದಿಂದ 2021ರ ಕೊನೆಗೆ 3,77,000 ಜನ ಸತ್ತಿರುತ್ತಾರೆ ಅಂತ ವಿಶ್ವಸಂಸ್ಥೆಯ ಯುಎನ್‌ಡಿಪಿ ಅಂದಾಜು ಮಾಡಿತು. ಅದರಲ್ಲಿ ಹತ್ತಕ್ಕೆ ಆರು ಸಾವು ಗುಂಡಿನಿಂದಲ್ಲ, ಹಸಿವು, ಕಾಯಿಲೆ, ಕೊಳಕು ನೀರಿನಿಂದ.

2023ರ ಅಕ್ಟೋಬರ್‌ನಲ್ಲಿ ಗಾಜಾ ಯುದ್ಧ ಶುರುವಾಯಿತು. ನವೆಂಬರ್ 19ರಂದು ಹೂತಿಗಳು ಗ್ಯಾಲಕ್ಸಿ ಲೀಡರ್ ಹಡಗನ್ನು ಹೆಲಿಕಾಪ್ಟರಿನಿಂದ ಇಳಿದು ವಶಪಡಿಸಿಕೊಂಡರು. ಅದರ 25 ನಾವಿಕರು 2025ರ ಜನವರಿವರೆಗೂ ಅವರ ವಶದಲ್ಲೇ ಇದ್ದರು. ಇಸ್ರೇಲಿಗೆ ಸಂಬಂಧಪಟ್ಟ ಹಡಗಿಗೆ ಮಾತ್ರ ಹೊಡೀತೀವಿ ಅಂದರು, ಸಂಬಂಧವೇ ಇಲ್ಲದ ಹಡಗಿಗೂ ಹೊಡೆದರು. ಕಂಪನಿಗಳು ಸೂಯೆಜ್ ಕಾಲುವೆ ಬಿಟ್ಟು ಆಫ್ರಿಕಾ ಸುತ್ತಿ ಹೋಗತೊಡಗಿದವು. ಹತ್ತು-ಹದಿನೈದು ದಿನ ಹೆಚ್ಚು, ಬಾಡಿಗೆ ಹೆಚ್ಚು, ವಿಮೆ ಹೆಚ್ಚು. ಗುಂಡ್ಯದಲ್ಲಿ ನಿಂತಿದ್ದ ಆ ಕಾಫಿ ಲಾರಿಗಳನ್ನು ನೋಡಿ. ಹಾಸನ, ಚಿಕ್ಕಮಗಳೂರು, ಕೊಡಗಿನ ಕಾಫಿಗೆ ಯುರೋಪೇ ದೊಡ್ಡ ಗಿರಾಕಿ, ಅದರಲ್ಲೂ ಇಟಲಿ. ಘಾಟಿ ಇಳಿದ ಮೂಟೆ ಕೆಂಪು ಸಮುದ್ರ ದಾಟಬೇಕು. ಸಾದಾದ ಬೆಟ್ಟದಲ್ಲಿ ಹೊತ್ತಿದ ಬೆಂಕಿಯ ಬಿಸಿ ಸಕಲೇಶಪುರದ ತೋಟಕ್ಕೆ ತಟ್ಟೋದು ಹೀಗೆ.

ನಾಲ್ಕು ದೇಶ ನೋಡಿದೆವು. ನಾಲ್ಕರಲ್ಲೂ ಒಂದು ಕ್ರಮ ಕಾಣುತ್ತೆ. ಮೊದಲು ಸರ್ಕಾರ ಕುಸಿಯುತ್ತೆ, ಇಲ್ಲವೇ ಒಂದು ಜನವರ್ಗದ ಮೇಲೆಯೇ ಸರ್ಕಾರ ಬೀಳುತ್ತೆ. ಆಮೇಲೆ ನಿಜವಾದ ಭಯ ಹುಟ್ಟುತ್ತೆ. ಆ ಭಯಕ್ಕೆ ಕರ್ಬಲಾದ ನೆನಪು ಮಾತು ಕೊಡುತ್ತೆ. ಹೊರಗಿನವರು, ಇಲ್ಲಿ ಇರಾನ್, ದುಡ್ಡು ಮತ್ತು ಶಸ್ತ್ರ ಕೊಡ್ತಾರೆ. ಪಡೆ ಕಾವಲಿಗೆ ಬರುತ್ತೆ. ಕಾವಲು ಮುಗಿದರೂ ಹೋಗಲ್ಲ.

ಧರ್ಮವೇ ಕಾರಣ ಆಗಿದ್ದರೆ ನಮ್ಮಲ್ಲೂ ಆಗಬೇಕಿತ್ತಲ್ಲ? ಗೌರಿಬಿದನೂರು ತಾಲೂಕಿನ ಅಲೀಪುರಕ್ಕೆ ಹೋಗಿ ನೋಡಿ. ಊರಿನ ಬಹುಪಾಲು ಜನ ಶಿಯಾಗಳು. ಹರಳು ಕಲ್ಲಿನ ಕೆಲಸ, ವ್ಯಾಪಾರ. ಅಲ್ಲಿನ ಮಕ್ಕಳು ಓದಲು ಇರಾನಿಗೆ ಹೋಗ್ತಾರೆ, ಮೊಹರಂನಲ್ಲಿ ಇಡೀ ಊರು ಕಪ್ಪು ಬಟ್ಟೆ ಉಡುತ್ತೆ. ಅದೇ ನಂಬಿಕೆ, ಅದೇ ಕಣ್ಣೀರು. ಆದರೆ ಅಲ್ಲಿ ಪಡೆ ಇಲ್ಲ. ಯಾಕಂದ್ರೆ ಜಗಳ ಆದರೆ ಹೋಗೋಕೆ ಪೊಲೀಸ್ ಠಾಣೆ ಇದೆ, ಅನ್ಯಾಯ ಆದರೆ ಕೋರ್ಟ್ ಇದೆ, ಸಿಟ್ಟು ಬಂದರೆ ಓಟು ಇದೆ.

ಇರಾಕಿನ ಶಿಯಾ ಹುಡುಗರು ಕೇಳಿದ್ದೂ ಇದನ್ನೇ. 2019ರ ಅಕ್ಟೋಬರ್‌ನಲ್ಲಿ ಬಾಗ್ದಾದ್, ನಾಸಿರಿಯಾ, ಬಸ್ರಾ ಬೀದಿಗಳಲ್ಲಿ ಲಕ್ಷಾಂತರ ಯುವಕರು ಕೆಲಸ ಕೊಡಿ, ಕರೆಂಟು ಕೊಡಿ, ನಮಗೊಂದು ದೇಶ ಕೊಡಿ ಅಂತ ಕೂತರು. ಬಹುಪಾಲು ಶಿಯಾಗಳೇ. ಅವರ ಮೇಲೆ ಭದ್ರತಾ ಪಡೆಗಳು ಮಾತ್ರ ಅಲ್ಲ, ಶಿಯಾ ಸಶಸ್ತ್ರ ಗುಂಪುಗಳೂ ಗುಂಡು ಹಾರಿಸಿದವು. ಕೆಲವೇ ತಿಂಗಳಲ್ಲಿ ಸತ್ತವರು 500ಕ್ಕೂ ಹೆಚ್ಚು. ಯಾರನ್ನು ಕಾಯ್ತೀವಿ ಅಂತ ಬಂದರೋ ಅವರ ಮಕ್ಕಳೇ ಎದುರು ನಿಂತಾಗ ಕಾವಲುಗಾರನ ಬಂದೂಕು ಎತ್ತ ತಿರುಗುತ್ತೆ ಅನ್ನೋದು ಅಲ್ಲಿ ಕಂಡಿತು.

ಇಷ್ಟನ್ನು ಗುಂಡ್ಯದ ಆ ಅಕ್ಕನಿಗೆ ಚಿಕ್ಕದಾಗಿ ಹೇಳಿದೆ. ಪಕ್ಕದ ಬೆಂಚಿನಲ್ಲಿ ಅಡಿಕೆ ಕೃಷಿಕರೊಬ್ಬರು, ಎಪ್ಪತ್ತರ ಆಸುಪಾಸಿನ ಹಿರಿಯರು, ಕೇಳಿಸಿಕೊಳ್ತಾ ಕೂತಿದ್ದರು. ಅವರು ಅಂದರು: "ನಮ್ಮಲ್ಲಿ ಓಟು ಬಂದ್ರೆ ಕೋವಿ ಠೇವಣಿ ಇಡ್ಲಿಕ್ಕೆ ಹೇಳ್ತಾರಲ್ಲ ಸಾರ್, ಅಲ್ಲಿ ಹಾಗೆ ಹೇಳುವವರು ಯಾರೂ ಇಲ್ವಾ?"

ಪುತ್ತೂರು, ಸುಳ್ಯ, ಕಡಬದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗೆ ಹೇಳ್ತೀನಿ. ಇಲ್ಲಿನ ಕೃಷಿಕರ ಹತ್ತಿರ ಮಂಗ, ಹಂದಿ ಓಡಿಸಲು ಲೈಸೆನ್ಸ್ ಇರುವ ಕೋವಿ ಇರುತ್ತೆ. ಪ್ರತಿ ಚುನಾವಣೆಗೂ ಠಾಣೆಯಲ್ಲಿ ಠೇವಣಿ ಇಡಿ ಅಂತ ನೋಟಿಸ್ ಬರುತ್ತೆ. ತೋಟ ಹಾಳಾಗುತ್ತೆ ಅಂತ ಗೊಣಗ್ತಾರೆ, ಅರ್ಜಿ ಕೊಡ್ತಾರೆ, ಕೆಲವರು ಹೈಕೋರ್ಟಿಗೂ ಹೋಗಿದ್ದಾರೆ. ಕೋರ್ಟು ವಿನಾಯಿತಿ ಕೊಟ್ಟರೆ ಇಟ್ಟುಕೊಳ್ತಾರೆ, ಇಲ್ಲದಿದ್ದರೆ ಒಪ್ಪಿಸಿ ರಸೀದಿ ತಗೊಂಡು ಬರ್ತಾರೆ. ಸಿಟ್ಟು ಇದ್ದರೂ ಕೋವಿ ಯಾರದು, ಯಾವಾಗ ಯಾರ ಕೈಲಿರಬೇಕು ಅನ್ನೋದನ್ನು ಕಾಗದ ತೀರ್ಮಾನ ಮಾಡುತ್ತೆ. ಆ ಹಿರಿಯರು ಕೇಳಿದ್ದಕ್ಕೆ ನಾನು "ಇಲ್ಲ ರಾಯರೇ, ಅಲ್ಲಿ ಕೇಳುವ ಠಾಣೆಗಿಂತ ಕೋವಿ ಇಟ್ಟವರೇ ದೊಡ್ಡವರು" ಅಂದೆ.

2024ರಲ್ಲಿ ಆ ಪಡೆಗಳಿಗೂ ಭಾರಿ ಏಟು ಬಿತ್ತು. ಸೆಪ್ಟೆಂಬರ್ 27ರಂದು ಹಿಜ್ಬುಲ್ಲಾ ನಾಯಕ ಹಸನ್ ನಸ್ರಲ್ಲಾ ಅವರನ್ನು ಇಸ್ರೇಲ್ ಕೊಂದಿತು. ಡಿಸೆಂಬರ್‌ನಲ್ಲಿ ಅಸಾದ್ ಹೋದರು, ಅಲ್ಲಿದ್ದ ಪಡೆಗಳು ಜಾಗ ಖಾಲಿ ಮಾಡಿದವು. ಕಥೆ ಮುಗೀತು ಅಂತ ಆಗ ಸ್ಟುಡಿಯೋಗಳಲ್ಲಿ ಮಾತು ಕೇಳಿಬಂತು. ನನಗೆ ಹಾಗನ್ನಿಸಲ್ಲ. ಪಡೆಯನ್ನು ಬಾಂಬು ಹಾಕಿ ಸಣ್ಣದು ಮಾಡಬಹುದು. ಅದು ನಿಂತಿದ್ದ ಜಾಗದಲ್ಲಿ ಎಲ್ಲ ಪಂಗಡದವರೂ ನಂಬುವ ಒಂದು ಠಾಣೆ, ಒಂದು ಕೋರ್ಟು ಬಾರದಿದ್ದರೆ ಅದೇ ಜಾಗಕ್ಕೆ ಇನ್ನೊಂದು ಪಡೆ ಬರುತ್ತೆ. ಅದು ಶಿಯಾ ಆಗಿರಬಹುದು, ಸುನ್ನಿ ಆಗಿರಬಹುದು.

ನಾನು ಏಳುವಾಗ ಅಕ್ಕ ಚಹಾದ ದುಡ್ಡು ಬೇಡ ಅಂದರು. ನಾನು ಬಲವಂತವಾಗಿ ಕೊಟ್ಟೆ. "ಮಗ ನಾಡಿದ್ದು ಸೂಯೆಜ್ ಹತ್ತಿರ ಹೋಗ್ತಾನಂತೆ, ಇಲ್ಲ ಆಫ್ರಿಕಾ ಸುತ್ತಿ ಹೋಗ್ತಾನಂತೆ, ಇನ್ನೂ ಗೊತ್ತಾಗ್ಲಿಲ್ಲ" ಅಂದರು. ಆಮೇಲೆ ಸ್ವಲ್ಪ ತಡೆದು, "ಸುತ್ತಿ ಹೋದ್ರೆ ಒಳ್ಳೇದು. ತಡ ಆದ್ರೂ ಅಡ್ಡಿಲ್ಲ" ಅಂದರು.

ಹೊರಗೆ ಟ್ಯಾಂಕರ್‌ಗಳು ಒಂದೊಂದಾಗಿ ಘಾಟಿ ಕಡೆ ಹೊರಟಿದ್ದವು.